ಏಳು ಒಂದುಗಳ ಸಂಖ್ಯೆ

ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಹೊರಬಿದ್ದ ಕಾಫಿ ಸಿಪ್ಪೆಯ ಹುಳಿವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಬಾಳೂರಿನ ನಮ್ಮ ಮನೆ ಈಗ ಹೋಂಸ್ಟೇ; ಕಾಫಿ ಒಣಗಿಸುತ್ತಿದ್ದ ಕಣದಲ್ಲಿ ಪ್ರವಾಸಿಗರ ಕಾರುಗಳು ನಿಲ್ಲುತ್ತವೆ. ಅಂಥ ಮನೆಯೊಂದನ್ನು ಕಳೆದುಕೊಂಡವರು ನಿಮ್ಮಲ್ಲೂ ಇರಬಹುದು. ಅಲ್ಲಿ ದೊಡ್ಡಮ್ಮನ ಬೆಚ್ಚಗಿನ ಮಡಿಲಿತ್ತು. ತೋಟದಂಚಿನ ಸಾಲುಮನೆಗಳಾದ ಲೈನ್ ಮನೆಯ ಕೂಲಿಯವರಿಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಡುವ ಅನ್ಯಾಯವೂ, ಅವರನ್ನು ಜಗುಲಿ ಹತ್ತಿಸದ ಅನ್ಯಾಯವೂ, ಎಲ್ಲದರ ಮೇಲೆ ದೊಡ್ಡಪ್ಪನ ಬೆತ್ತವೂ ಇದ್ದವು.

ನಾನು ಏಳನೆಯ ತರಗತಿಯಲ್ಲಿದ್ದಾಗ ಮೇಷ್ಟ್ರು ಹಲಗೆಯ ಮೇಲೆ 11,11,111 ಎಂದು ಬರೆದರು. ಅದನ್ನು ಅದರಿಂದಲೇ ಗುಣಿಸಿದರೆ 1234567654321, ಗುಡ್ಡ ಹತ್ತಿ ಇಳಿದಂತೆ. "ಒಂದರಿಂದ ಹೋಗುತ್ತೆ, ತನ್ನಿಂದಲೇ ಹೋಗುತ್ತೆ. ಬೇರೆ ಯಾವುದರಿಂದ ಪೂರ್ತಿ ಹೋಗುತ್ತೆ? ಮೊದಲು ಹೇಳಿದವ್ರನ್ನ ಮೂಡಿಗೆರೆ ಹಾಸ್ಟೆಲ್ ಶಾಲೆಗೆ ಕಳಿಸ್ತೀನಿ. ಇರೋದು ಒಂದೇ ಸೀಟು" ಎಂದರು. ನನಗೆ ಆ ಸೀಟು ಸಿಗದಿದ್ದರೂ ಮೂಡಿಗೆರೆಗೆ ಹೋಗಲು ಜೀಪಿತ್ತು. ನನ್ನ ಗೆಳತಿ, ಲೈನ್ ಮನೆಯ ಗಿರಿಜೆಗೆ ಅದು ತಪ್ಪಿದರೆ ಓದು ಅಲ್ಲಿಗೇ ಮುಗಿಯುತ್ತಿತ್ತು.

ಶಾಲೆ ಬಿಟ್ಟ ಮೇಲೆ ನಮ್ಮ ಕಣದ ಕಾಫಿ ತಿರುವಿಹಾಕುವುದು ಅವಳ ಪಾಲಿನ ದುಡಿಮೆ. ಸ್ಲೇಟಿಲ್ಲದ ಅವಳು ಹರಡಿದ ಬೀಜದ ಮೇಲೆಯೇ ಬೆರಳಿನಿಂದ ಭಾಗಾಕಾರ ಬರೆದು, ಬೀಜ ತಿರುವುವ ಹಲಗೆಯನ್ನು ಎಳೆದು ಅಳಿಸಿ, ಮುಂದಿನ ಸಂಖ್ಯೆಗೆ ಹೋಗುತ್ತಿದ್ದಳು. ದೊಡ್ಡಪ್ಪನ ಹೆಜ್ಜೆಸದ್ದಿಗೆ ಕಿವಿಗೊಟ್ಟು ನಾನು ಕಾವಲಿರುತ್ತಿದ್ದೆ. ಮೂರು, ಏಳು, ಹನ್ನೊಂದು, ಹದಿಮೂರು: ಯಾವುದರಿಂದ ಭಾಗಿಸಿದರೂ ಕೊನೆಗೆ ಒಂದು ಉಳಿಯುತ್ತಿತ್ತು. ನಾಲ್ಕನೆಯ ದಿನ 239ಕ್ಕೆ ಬಂದಾಗ ಏನೂ ಉಳಿಯಲಿಲ್ಲ. ಭಾಗಲಬ್ಧ 4649. "ಹೋಯ್ತು ಕಣೇ!" ಎಂದು ಕೂಗಿಯೇಬಿಟ್ಟಳು.

ಆ ಕೂಗಿಗೆ ದೊಡ್ಡಪ್ಪ ಹೊರಬಂದರು. "ಕಾಫಿ ಮೇಲೆ ಗೀಚಿದ್ದು ಯಾವಳೇ?" ಲೈನಿನ ಹುಡುಗಿ ಬರೆಯುವುದೇ ಅವರಿಗೆ ಸೊಕ್ಕು. ಹಿಂದಿನ ವಾರ ಅದೇ ಬೆತ್ತ ಅವಳ ತಾಯಿಯ ಬೆನ್ನಿನ ಮೇಲೆ ಬಿದ್ದುದನ್ನು ಕಣ್ಣಾರೆ ಕಂಡಿದ್ದೆ. "ನಾನು, ದೊಡ್ಡಪ್ಪ. ಮೇಷ್ಟ್ರು ಕೊಟ್ಟ ಲೆಕ್ಕ" ಎಂದೆ. ಬೆತ್ತ ಕೆಳಗಿಳಿಯಿತು. "ನೀನಾ? ಬಿಡಿಸಿಬಿಟ್ಯಾ ಮಾರಾಯ್ತಿ!" ಎಂದು ನಕ್ಕು, ಜೀಪು ಹತ್ತಿ ಹೋಗಿ ಆ ಉತ್ತರವನ್ನು ನನ್ನ ಹೆಸರಿನಲ್ಲಿ ಮೇಷ್ಟ್ರಿಗೆ ತಾವೇ ಹೇಳಿಬಂದರು.

ನಿಜ ಹೇಳಿದರೆ ಗಿರಿಜೆಗೆ ಹೊಡೆತ, ಹೇಳದಿದ್ದರೆ ಅವಳ ಸೀಟು ನನಗೆ. ನಾನು ಬಾಯಿ ಬಿಡಲಿಲ್ಲ. ಆ ಕ್ಷಣದ ಸುಳ್ಳನ್ನು ಕರುಣೆಯೆನ್ನಿ. ಹಾಸ್ಟೆಲಿಗೆ ಹೊರಡುವ ತನಕದ ಎರಡು ತಿಂಗಳ ಮೌನಕ್ಕೆ ಕಳ್ಳತನವೆಂದೇ ಹೆಸರು. ಊರೂರಿನ ಅನ್ಯಾಯಗಳನ್ನು ವೇದಿಕೆ ಹತ್ತಿ ಹೆಸರಿಸಿದ ನಾನು ಇದನ್ನು ಹೆಸರಿಸುತ್ತಿರುವುದು ಇದೇ ಮೊದಲು. ಮರುವರ್ಷ ಅವಳ ಮನೆಯವರು ಬೇರೆ ಎಸ್ಟೇಟಿಗೆ ಹೋದರು. ಆಮೇಲೆ ನಾನವಳನ್ನು ಕಾಣಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ನಾನು ಹಾಸ್ಟೆಲಿಗೆ ಹೊರಟ ದಿನ. ಗಿರಿಜೆ ಗೇಟಿನ ಬಳಿ ನಿಂತಿದ್ದಳು. ಬೈಯುತ್ತಾಳೆಂದು ನಾನು ಸೀಟಿನಲ್ಲಿ ಮುದುಡಿದೆ. ಅವಳು ಜೀಪಿನೊಳಗೆ ಬಗ್ಗಿ ಪಿಸುಗುಟ್ಟಿದಳು: "ಅಲ್ಲಿ ಎಂಟು ಒಂದು ಬರ್ದು ಕೇಳಿದ್ರೆ ಹೆದರ್ಬೇಡ, ಹನ್ನೊಂದರಿಂದ ಹೋಗುತ್ತೆ. ಒಂಬತ್ತು ಒಂದಾದ್ರೆ ಮೂರರಿಂದ. ನೀನು ಲೆಕ್ಕದಲ್ಲಿ ದಡ್ಡಿ, ಸಿಕ್ಕಿಬೀಳ್ತೀಯ." ಜೀಪು ಹೊರಟಿತು. ಹಿಂದೆಯೇ ಓಡಿಬರುತ್ತ ಹತ್ತು ಒಂದುಗಳ ಬಗ್ಗೆ ಏನೋ ಹೇಳುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಅದು ನನಗೆ ಕೇಳಿಸಲಿಲ್ಲ.