ಚರಗದ ಹೊಲದಲ್ಲಿ ಕ್ರಿಸ್‌ಮಸ್

ನನಗೆ ಕನ್ನಡ ಕಲಿಸುವ ಕೆಲಸ ಸಿಕ್ಕಿದ್ದು ನಾನು ಚೆನ್ನಾಗಿ ಕಲಿಸುತ್ತೇನೆ ಎಂಬ ಕಾರಣಕ್ಕಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಮಾಡಿ ಹೆಸರಾಗಿದ್ದೆ, ಇಂಗ್ಲಿಷ್ ಬರುತ್ತಿತ್ತು, ಓದು ಮುಗಿದು ಮನೆಯಲ್ಲಿ ಖಾಲಿ ಕೂತಿದ್ದೆ, ಅಷ್ಟೇ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಕ್ರೈಸ್ತರು ನಡೆಸುವ ಹುಡುಗರ ಹಾಸ್ಟೆಲ್ ಒಂದಿತ್ತು. ಅಲ್ಲಿಗೆ ಬ್ರೆಜಿಲ್‌ನಿಂದ ನನ್ನ ವಯಸ್ಸಿನವನೇ ಒಬ್ಬ ಮಿಷನರಿ ಬಂದಿದ್ದ. ಅವನ ಊರಿನ ಚರ್ಚು ಅವನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿತ್ತು. ಹಾಸ್ಟೆಲ್ಲಿನ ಪಾದ್ರಿಯವರು ನಮ್ಮಪ್ಪನ ಪರಿಚಯದವರಾದ್ದರಿಂದ ಈ ಹುಡುಗನಿಗೆ ನಾಲ್ಕು ಮಾತು ಕಲಿಸು ಎಂದು ನನಗೆ ಹೇಳಿಕಳಿಸಿದರು.

ಮೊದಲ ದಿನವೇ ಕೇಳಿದೆ, ನೀನು ಬಂದದ್ದು ಸೇವೆಗೋ, ಪ್ರಚಾರಕ್ಕೋ? ಎರಡರಲ್ಲಿ ಒಂದನ್ನು ಒಪ್ಪಿಕೊಂಡರೆ ಸಾಕಿತ್ತು, ಮುಂದಿನ ಮಾತು ನನ್ನ ಬಳಿ ಸಿದ್ಧವಿತ್ತು. ಅವನು ಯೋಚಿಸಿದ. ಹುಡುಗರಿಗೆ ಗಣಿತ ಹೇಳಿಕೊಡುವಾಗ ಅದು ಸೇವೆ, ಆಮೇಲೆ ಅದೇ ಹುಡುಗರಿಗಾಗಿ ಪ್ರಾರ್ಥಿಸುವಾಗ ಅದು ಏನು ಎಂದು ತನಗೂ ಗೊತ್ತಿಲ್ಲ ಎಂದ. ಇಂಥ ಉತ್ತರಕ್ಕೆ ಎದುರು ವಾದ ಹೂಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ನಾನು ಯಾವ ದೇವರನ್ನೂ ನಂಬುವವನಲ್ಲ. ಕಾಲೇಜು ಸೇರಿದ ವರ್ಷವೇ ಕೊರಳಿನ ಲಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟಿದ್ದೆ. ಜಗಳವಾಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿಟ್ಟು ರೊಟ್ಟಿ ಬಡಿಯಲು ಹೋದಳು. ಆ ವಾದ ಇವತ್ತಿಗೂ ಬಾಕಿ ಉಳಿದಿದೆ.

ಬ್ರೆಜಿಲ್ ಹುಡುಗ ಕನ್ನಡವನ್ನು ನನ್ನಿಂದ ಕಲಿತದ್ದಕ್ಕಿಂತ ಪಾದ್ರಿಯವರ ಹಳೆಯ ಪ್ರಾರ್ಥನಾ ಪುಸ್ತಕಗಳಿಂದ ಕಲಿತದ್ದೇ ಹೆಚ್ಚು. ಚಹಾದ ಅಂಗಡಿಯಲ್ಲಿ ‘ನನಗೆ ಒಂದು ಚಹಾವನ್ನು ದಯಪಾಲಿಸಿರಿ’ ಎಂದು ಕೇಳುತ್ತಿದ್ದ. ಅಂಗಡಿಯವನು ಉಳಿದ ಗಿರಾಕಿಗಳನ್ನು ಬಿಟ್ಟು ಅವನಿಗೇ ಮೊದಲು ಕೊಡುತ್ತಿದ್ದ. ಒಮ್ಮೆ ಇಬ್ಬರೂ ಬಾದಾಮಿಗೆ ಹೋಗಿದ್ದೆವು. ಗುಹೆಗಳನ್ನು ಕಣ್ಣು ತುಂಬ ನೋಡಿದ. ಅಲ್ಲಿಂದ ಬನಶಂಕರಿ ಗುಡಿಯ ಹತ್ತಿರ ಹೋದಾಗ ಯಾರೋ ಮುದುಕಿ ಪ್ರಸಾದ ಕೊಡಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತ. ವಾಪಸು ದಾರಿಯುದ್ದಕ್ಕೂ ಅದನ್ನೇ ಹಿಡಿದು ಜಗ್ಗಾಡಿದೆ. ಕಡೆಗೆ ಹೇಳಿದ. ಅವನು ಇಲ್ಲಿಗೆ ಬರುವುದು ಅವನ ತಾಯಿಗೆ ಇಷ್ಟವಿರಲಿಲ್ಲ. ಮಗ ದೂರ ಹೋಗಿ ಬೇರೆಯೇ ಆಗಿಬಿಡುತ್ತಾನೆ ಎಂಬ ಭಯ. ಬೇರೆ ದೇವರಿಗೆ ಅರ್ಪಿಸಿದ್ದನ್ನು ಬಾಯಿಗಿಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವಳು ಕಳಿಸಿದ್ದು. ಆ ಮಾತೊಂದು ಹೋದರೆ ತಾನು ಇಲ್ಲಿ ಯಾಕಿದ್ದೇನೆ ಎಂದು ಅವಳಿಗೆ ಹೇಳಲು ತನ್ನ ಬಳಿ ಏನೂ ಉಳಿಯುವುದಿಲ್ಲ ಎಂದ. ತರ್ಕದಲ್ಲಿ ತೂತುಗಳಿದ್ದವು. ಅವನ ಮುಖ ನೋಡಿ ಅವುಗಳಿಗೆ ಕೈ ಹಾಕಲಿಲ್ಲ.

ಡಿಸೆಂಬರಿನಲ್ಲಿ ಹಾಸ್ಟೆಲ್ ಹುಡುಗರು ರಜೆಗೆಂದು ಊರಿಗೆ ಹೋದರು. ಪಾದ್ರಿಯವರ ಮಗಳಿಗೆ ಆರೋಗ್ಯ ಸರಿಯಿಲ್ಲವೆಂದು ಅವರ ಮನೆಯವರೆಲ್ಲ ಹುಬ್ಬಳ್ಳಿಗೆ ಹೊರಟರು. ಕ್ರಿಸ್‌ಮಸ್ ದಿನ ಬೆಳಗಿನ ಆರಾಧನೆ ಮುಗಿದರೆ ಇವನು ಒಬ್ಬನೇ. ಹಿಮ, ಚಳಿ, ಬೆಂಕಿ ಕಾಯಿಸಿಕೊಳ್ಳುವುದು ಎಲ್ಲ ನೆನಪಾಗುತ್ತಿರಬೇಕಲ್ಲ ಎಂದೆ. ತಾನು ಹಿಮವನ್ನು ನೋಡಿಯೇ ಇಲ್ಲ, ತಮ್ಮಲ್ಲಿ ಕ್ರಿಸ್‌ಮಸ್ ಎಂದರೆ ಕಡು ಬೇಸಿಗೆ, ಬಾಗಲಕೋಟೆಯೇ ತನಗೆ ತಂಪು ಎಂದ. ನೆನಪಾಗುವುದು ಒಂದೇ, ದೊಡ್ಡ ಮೇಜು, ಅದರ ಸುತ್ತ ಕೂತು ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕೂಗಾಡುವ ಮನೆಯವರು.

ಇದನ್ನು ಅವ್ವನಿಗೆ ಹೇಳಿದೆ. ಅವ್ವ ಹೊಲಕ್ಕೆ ಕರೆದುಕೊಂಡು ಬಾ ಎಂದಳು. ಸೋದರಮಾವನ ಎರೆಹೊಲ ಹುನಗುಂದದ ಹತ್ತಿರ. ಆ ವರ್ಷ ಎಳ್ಳ ಅಮಾವಾಸ್ಯೆ ಆಸುಪಾಸಿನಲ್ಲೇ ಬಂದಿತ್ತು, ಮರುದಿನ ಗ್ರಹಣವಿದೆ ಎಂದು ಊರಿನವರು ಕ್ರಿಸ್‌ಮಸ್ ದಿನವೇ ಚರಗ ಚೆಲ್ಲಲು ನಿಶ್ಚಯಿಸಿದ್ದರು. ಆ ದಿನ ಪೈರು ಹೊತ್ತ ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಹಾಕಿದ ಹಾಗೆ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಮೊದಲು ಬನ್ನಿಗಿಡದ ಕೆಳಗೆ ಸುಣ್ಣ ಬಳಿದ ಐದು ಕಲ್ಲಿಟ್ಟು, ಪಾಂಡವರು ಎಂದು ಪೂಜಿಸಿ ಎಡೆ ತೋರಿಸುತ್ತಾರೆ. ಆಮೇಲೆ ಚರಗ. ಆಮೇಲೆ ಎಲ್ಲರೂ ಕೂತು ಅದೇ ಅಡುಗೆ ಉಣ್ಣುವುದು. ಉಣ್ಣದೆ ಹೋದರೆ ಹೊಲದ ಒಡೆಯನಿಗೆ ಅವಮಾನ.

ಅಂದರೆ ಇವನು ಉಂಡರೆ ತಾಯಿಗೆ ಕೊಟ್ಟ ಮಾತು ಹೋಯಿತು, ಉಣ್ಣದಿದ್ದರೆ ನಮ್ಮ ಮಾವನ ಮಾನ ಹೋಯಿತು. ಬರದೇ ಇದ್ದರೆ ಹಾಸ್ಟೆಲ್ಲಿನ ಖಾಲಿ ಮಂಚಗಳ ನಡುವೆ ಒಬ್ಬನೇ ಕ್ರಿಸ್‌ಮಸ್. ಇಷ್ಟನ್ನೂ ಅವನಿಗೆ ಮುಂಚೆಯೇ ವಿವರಿಸಿದೆ. ಬರುತ್ತೇನೆ, ಹಸಿದುಕೊಂಡಿರುತ್ತೇನೆ, ಕೂಗಾಟವನ್ನಾದರೂ ಕೇಳುತ್ತೇನೆ ಎಂದ.

ಅವ್ವ ಹಿಂದಿನ ದಿನವೇ ತನ್ನ ಅಣ್ಣನ ಮನೆ ಸೇರಿದ್ದಳು. ನಾವಿಬ್ಬರೂ ಆರಾಧನೆ ಮುಗಿದ ಮೇಲೆ ಇಳಕಲ್ ಬಸ್ಸು ಹಿಡಿದೆವು. ಬಸ್ಸಿನಲ್ಲಿ ನಾನು ವಾದ ಕಟ್ಟಿದೆ. ಚರಗ ಪೂಜೆಯೇ ಅಲ್ಲ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರುತ್ತವೆ, ಹಕ್ಕಿ ಬಂದರೆ ಕಡಲೆಯ ಹುಳ ತಿನ್ನುತ್ತವೆ, ಇದು ಬೇಸಾಯದ ಜಾಣತನ, ದೇವರ ಮಾತೇ ಇಲ್ಲ. ಆದ್ದರಿಂದ ನೀನು ಉಣ್ಣಬಹುದು. ಅಮೀನಗಡ ದಾಟುವವರೆಗೆ ಅವನು ಕೇಳಿಸಿಕೊಂಡ. ‘ಇದು ನಿನ್ನ ಅಭಿಪ್ರಾಯ’ ಎಂದ ಮೇಲೆ, ‘ನಿನ್ನ ತಾಯಿಯ ಅಭಿಪ್ರಾಯ ಏನು?’ ಎಂದು ಕೇಳಿದ. ನಾನು ಅವ್ವನನ್ನು ಅದನ್ನು ಕೇಳಿಯೇ ಇರಲಿಲ್ಲ. ಅವ್ವನ ವಿಷಯದಲ್ಲಿ ನಾನು ಯಾವಾಗಲೂ ಉತ್ತರವನ್ನು ಊಹಿಸಿಕೊಂಡು ಖಂಡಿಸುವುದೇ ರೂಢಿ.

ಹೊಲದಲ್ಲಿ ಬಿಳಿಜೋಳ ತೆನೆ ಹಾಯ್ದು ನಿಂತಿತ್ತು. ಕಡಲೆಯ ಸಾಲುಗಳ ಪಕ್ಕ ಮಾವ ಜಾಗ ಹಸನು ಮಾಡಿ ಕಂಬಳಿ ಹಾಸಿದ್ದ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು. ಐದು ಕಲ್ಲುಗಳಿಗೆ ಪೂಜೆಯಾಗಿತ್ತು, ಎಡೆಯೂ ಆಗಿತ್ತು. ಮಾವ ಅತಿಥಿಯನ್ನು ಸಾಹೇಬ್ರ ಎಂದು ಕರೆದು ಕಂಬಳಿಯ ನಡುವೆ ಕೂರಿಸಿದ. ನಾನು ಹಕ್ಕಿ, ಹುಳಗಳ ಮಾತು ತೆಗೆಯಬೇಕು ಎನ್ನುವಷ್ಟರಲ್ಲಿ ಅವನು ನೇರವಾಗಿ ಅವ್ವನ ಕಡೆ ತಿರುಗಿದ.

‘ತಾಯಿಯವರೇ, ಈ ಆಹಾರವು ದೇವರಿಗೆ ಅರ್ಪಿತವಾದುದೋ? ದಯವಿಟ್ಟು ಸತ್ಯವನ್ನು ಹೇಳಿರಿ.’

ಮಾವ ನನ್ನ ಮುಖ ನೋಡಿದ. ಅವ್ವ ಮಾತ್ರ ಅವನ ಕನ್ನಡಕ್ಕೆ ನಗಲಿಲ್ಲ. ಹೌದು, ಅರ್ಪಿಸಿದ್ದೇ ಎಂದಳು. ಯಾಕೆ, ನೀನು ಉಣ್ಣುವುದಿಲ್ಲವೇನು ಎಂದು ಕೇಳಿದಳು. ಅವನು ತಾಯಿಗೆ ಕೊಟ್ಟ ಮಾತನ್ನು ಹೇಳಿದ. ಹೇಳುವಾಗ ಕಿವಿಯವರೆಗೆ ಕೆಂಪಾದ.

‘ಇಲ್ಲಿ ಕೇಳ ತಮ್ಮಾ,’ ಎಂದಳು ಅವ್ವ. ‘ಆ ಕಲ್ಲಿಗೆ ಎಡಿ ತೋರಿಸಿದ್ದು ನಾನೂ ಉಣ್ಣಂಗಿಲ್ಲ. ನಮ್ಮವ್ವನೂ ಉಣ್ಣತಿದ್ದಿಲ್ಲ. ಕೊರಳಾಗ ಲಿಂಗ ಇದ್ದಾವ್ರು ಇನ್ನೊಂದಕ್ಕ ತೋರಿಸಿದ್ದು ಉಣಬಾರದು. ಅದಕ್ಕ ನನ್ನ ಬುತ್ತಿ ಬ್ಯಾರೆ ಕಟ್ಟಿರ್ತೇನಿ.’

ಕಂಬಳಿಯ ಅಂಚಿನಲ್ಲಿದ್ದ ಸಣ್ಣ ಗಂಟನ್ನು ಹತ್ತಿರ ಎಳೆದುಕೊಂಡಳು. ಅದೇ ರೊಟ್ಟಿ, ಅದೇ ಪಲ್ಯ, ಪೂಜೆಗೆ ಮುಂಚೆಯೇ ತೆಗೆದಿಟ್ಟದ್ದು.

ಚಿಕ್ಕಂದಿನಿಂದ ಈ ಹೊಲಕ್ಕೆ ಬರುತ್ತಿದ್ದೇನೆ. ಅವ್ವನ ಗಂಟು ಬೇರೆ ಇರುವುದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಗಮನಿಸಿದ್ದರೂ ಗಂಡಸರು ಉಂಡ ಮೇಲೆ ಉಣ್ಣಲು ತೆಗೆದಿಟ್ಟಿದ್ದಾಳೆ ಎಂದುಕೊಳ್ಳುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ‘ನಮ್ಮ ತಾಯಂದಿರು ಕಂಡ ಕಲ್ಲಿಗೆಲ್ಲ ಕೈ ಮುಗಿಯುತ್ತಾರೆ’ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಗಲಿಬಿಲಿಯಾಗಿ, ಬೇರೇನೂ ತೋಚದೆ, ಎದುರಾಳಿಯ ವಿರೋಧಾಭಾಸ ಹಿಡಿಯುವ ಹಳೇ ಪಟ್ಟು ಹಾಕಿದೆ.

‘ಹಂಗಾದ್ರ ಈ ಹೊಲಕ್ಕ ಯಾಕ ಬರ್ತಿ?’

‘ನಮ್ಮಣ್ಣನ ಹೊಲ ಐತಿ. ಬರಲಿಲ್ಲಂದ್ರ ವರ್ಷಾನಗಟ್ಲೆ ಮುಖ ಊದಿಸ್ತಾನ.’

ಮಾವ ಅದನ್ನು ಅಲ್ಲಗಳೆಯಲಿಲ್ಲ. ಅವನಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನು ಮೀಸೆಯಲ್ಲೇ ನಗುತ್ತ, ‘ನೋಡ್ರಿ ಸಾಹೇಬ್ರ, ನಿಮ್ಮ ಮಠದಾಕಿ ಒಬ್ಬಾಕಿ ನಮ್ಮ ಮನ್ಯಾಗೂ ಅದಾಳ’ ಎಂದ. ಆಮೇಲೆ ಕಲಸಿಟ್ಟ ಚರಗದ ಬುಟ್ಟಿಯನ್ನು ನನ್ನ ಎದೆಗೆ ಒತ್ತಿದ. ‘ಇವರಿಬ್ಬರದು ಆತು. ನಿನಗ ಯಾವ ದೇವರ ಅಡ್ಡಿನೂ ಇಲ್ಲ. ಹಿಡಿ ಬುಟ್ಟಿ.’

ನಂಬುವುದಿಲ್ಲ, ಆದ್ದರಿಂದ ಚೆಲ್ಲುವುದಿಲ್ಲ ಎನ್ನೋಣವೆಂದರೆ, ಚೆಲ್ಲುವುದಕ್ಕೆ ಏನೋ ಅರ್ಥವಿದೆ ಎಂದು ಒಪ್ಪಿಕೊಂಡ ಹಾಗೆ. ನಂಬುವುದಿಲ್ಲ, ಆದ್ದರಿಂದ ಚೆಲ್ಲಿದರೂ ತೊಂದರೆಯಿಲ್ಲ ಎಂದರೆ ಬುಟ್ಟಿ ಹಿಡಿದುಕೊಂಡು ಹೊರಡಬೇಕು. ಹೊರಟೆ. ಮುಂದೆ ನಾನು ಅನ್ನ ಚೆಲ್ಲುತ್ತ ‘ಹುಲ್ಲುಲ್ಲಿಗ್ಯೋ’ ಎಂದು ಕೂಗುವುದು, ಹಿಂದೆ ಮಾವ ತಂಬಿಗೆಯ ನೀರು ಚಿಮುಕಿಸುತ್ತ ‘ಚಳ್ಳಾಂಬ್ರಿಗ್ಯೋ’ ಎನ್ನುವುದು. ಈ ಮಾತುಗಳ ಅರ್ಥವೇನೆಂದು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ, ಯಾರಿಗೂ ಗೊತ್ತಿಲ್ಲ. ಅರ್ಥವಿಲ್ಲದ ಮಾತನ್ನು, ನಂಬಿಕೆಯಿಲ್ಲದ ನಾನು, ಜೋಳದ ನಡುವೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ನಂಬಿಕೆ ಇರುವ ಇಬ್ಬರು ಬನ್ನಿಗಿಡದ ನೆರಳಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ಬದುವಿನವರೆಗೆ ಹೋಗುವಷ್ಟರಲ್ಲಿ ನನಗೆ ಆ ಕೂಗು ಹಿಡಿಸತೊಡಗಿತ್ತು. ಅದು ನನಗೆ ಇನ್ನೂ ಇರಿಸುಮುರಿಸಿನ ಸಂಗತಿ.

ವಾಪಸು ಬಂದಾಗ ಅವ್ವ ಅವನ ತಾಟಿಗೆ ತನ್ನ ಗಂಟಿನ ರೊಟ್ಟಿ, ಪಲ್ಯ ಹಾಕುತ್ತಿದ್ದಳು. ಅವನಿಗೆ ಬಡಿಸಿದ ಮೇಲೆ ತನ್ನ ತಾಟಿಗೆ ಹಾಕಿಕೊಂಡಳು. ಆಮೇಲೆ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, ತಾಟು ಎದುರಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಅವನೂ ತನ್ನ ತಾಟಿನ ಮುಂದೆ ಕಣ್ಣು ಮುಚ್ಚಿದ. ಮಾವನೂ ನಾನೂ ಪಾಂಡವರ ಎಡೆಯ ಊಟಕ್ಕೆ ಕೈ ಹಾಕಿದೆವು.

ಉಣ್ಣುವಾಗ ಅವ್ವ ನಿಮ್ಮ ಹಬ್ಬ ಯಾತರದು ಎಂದು ಅವನನ್ನು ಕೇಳಿದಳು. ಅವನು ತಟ್ಟನೆ ನೆಟ್ಟಗೆ ಕೂತ. ಈ ಕಥೆ ಹೇಳಲೆಂದೇ ಅವನು ಸಮುದ್ರ ದಾಟಿ ಬಂದದ್ದು, ಎದುರಿಗೆ ಕೇಳುವವಳು ಸಿಕ್ಕಿದ್ದಳು. ತುಂಬು ಬಸುರಿ ಮರಿಯಳನ್ನು ಗಂಡ ದೂರದ ಊರಿಗೆ ಕರೆದೊಯ್ದದ್ದು, ಅಲ್ಲಿ ಎಲ್ಲೂ ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಮಗು ಹುಟ್ಟಿದ್ದು, ಎಲ್ಲವನ್ನೂ ತನ್ನ ಗ್ರಂಥದ ಕನ್ನಡದಲ್ಲಿ ನಿಧಾನವಾಗಿ ಹೇಳಿದ. ದೇವದೂತರ ವಿಷಯಕ್ಕೆ ಬರುವ ಮೊದಲೇ ಅವ್ವ ತಡೆದಳು.

‘ಚೊಚ್ಚಲ ಬಸುರಿ. ಆಕಿಗಿ ತವರಮನಿ ಇರಲಿಲ್ಲೇನು?’

ಅವನು ನನ್ನ ಕಡೆ ನೋಡಿದ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಎಂದು ವಿವರಿಸಿದೆ. ರಾಜ ಜನಗಣತಿ ಮಾಡಿಸುತ್ತಿದ್ದ, ಹೆಸರು ಬರೆಸಲು ಗಂಡನ ಊರಿಗೆ ಹೋಗಲೇಬೇಕಿತ್ತು ಎಂದ. ಗಣತಿಯವರು ಮನೆಗೇ ಬರುತ್ತಾರಲ್ಲ, ಶಾಲೆಯ ಮಾಸ್ತರರು ಬಿಸಿಲಲ್ಲಿ ಅಡ್ಡಾಡಿ ಬರೆದುಕೊಂಡು ಹೋಗುತ್ತಾರಲ್ಲ ಎಂದು ಮಾವ ತಕರಾರು ತೆಗೆದ. ಅವ್ವ ಮಾತ್ರ ಮರಿಯಳನ್ನು ಬಿಡಲಿಲ್ಲ. ಆಕೆಯ ತಾಯಿ ಹೇಗೆ ಕಳಿಸಿದಳು, ಬಾಣಂತಿಗೆ ಯಾರು ನೀರು ಹಾಕಿದರು, ಖಾರ ಯಾರು ತಿನ್ನಿಸಿದರು. ದೇವರು ಹುಟ್ಟಿದನೆಂಬ ಮಾತಿಗೆ ಯಾರೂ ಬರಲೇ ಇಲ್ಲ. ಮೂರೂ ಜನ ಏಕಕಾಲಕ್ಕೆ ಮಾತಾಡುತ್ತಿದ್ದರು. ಅವನ ರೊಟ್ಟಿ ಮುಗಿದದ್ದೂ ಅವನಿಗೆ ತಿಳಿಯಲಿಲ್ಲ, ಅವ್ವ ಇನ್ನೊಂದು ಹಾಕಿದಳು.

ಸಂಜೆ ಬಾಗಲಕೋಟೆಯ ಬಸ್ಸಿನಲ್ಲಿ ಅವನು ತಾಯಿಗೆ ಫೋನ್ ಮಾಡಿದ. ಅಲ್ಲಿ ಆಗ ಬೆಳಿಗ್ಗೆ. ಬಹಳ ಹೊತ್ತು ಅವರ ಭಾಷೆಯಲ್ಲಿ ಮಾತಾಡಿ, ನಡುವೆ ನಿಲ್ಲಿಸಿ, ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದ. ತಾಯಿ ಕೇಳುತ್ತಿದ್ದಾಳೆ, ಆ ಬೇರೆ ಗಂಟಿನ ಊಟವನ್ನು ನಿನ್ನ ತಾಯಿ ತನ್ನ ದೇವರಿಗೆ ತೋರಿಸಿದ್ದು ಯಾವಾಗ, ನನಗೆ ಬಡಿಸುವ ಮೊದಲೋ, ಆಮೇಲೋ?

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲು ನಿನಗೆ ಬಡಿಸಿದಳು, ಲಿಂಗ ಹಿಡಿದದ್ದು ಆಮೇಲೆ, ಅದೂ ತನ್ನ ತಾಟಿಗಷ್ಟೇ. ಹೇಳುತ್ತಿರುವಾಗಲೇ ನನಗೆ ಸಂಶಯ ಬಂತು. ಅವನ ಮಾತು ಉಳಿಯಲಿ ಎಂದು ಅವ್ವ ಬೇಕೆಂದೇ ಹಾಗೆ ಮಾಡಿದಳೋ, ಅತಿಥಿಗೆ ಮೊದಲು ಬಡಿಸುವ ರೂಢಿಯೋ? ಅದನ್ನೂ ಅವನು ಕೇಳಿದ. ಗೊತ್ತಿಲ್ಲ ಎಂದೆ. ವೇದಿಕೆಯ ಮೇಲೆ ನಾನು ಈ ಮಾತನ್ನು ಆಡಿದ್ದಿಲ್ಲ.

ಅವನು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು ತಾಯಿಗೆ ಹೇಳತೊಡಗಿದ. ನನ್ನ ಎರಡು ಮಾತಿಗೆ ಅವನು ಹೇಳುತ್ತಿದ್ದುದು ಬಹಳ ಉದ್ದವಾಗಿತ್ತು. ಅದು ಮುಗಿದ ಮೇಲೆ ಆ ಕಡೆಯಿಂದ ಹೆಂಗಸಿನ ದನಿ ಒಂದೇ ಸಮನೆ ಬರತೊಡಗಿತು. ಬೈಯುತ್ತಿದ್ದಳೋ, ಸಮಾಧಾನ ಹೇಳುತ್ತಿದ್ದಳೋ, ನನಗೆ ಆ ಭಾಷೆ ಬರುವುದಿಲ್ಲ. ಅವನು ಹೂಂಗುಟ್ಟುತ್ತ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.