ಐನೂರು ಮೈಲಿಯ ಚಾತುರ್ಮಾಸ

ಒಂದು ವಾರದಿಂದ ನಾನು ಕಲಸುವ ಅನ್ನಕ್ಕೆಲ್ಲ ಸುಟ್ಟ ಎಣ್ಣೆಯ ವಾಸನೆ. ಸಾಬೂನು, ಸೀಗೆಪುಡಿ, ನಿಂಬೆಸಿಪ್ಪೆ ಎಲ್ಲ ಆಯಿತು. ಉಗುರಿನ ಸಂದಿಯಿಂದ ಅದು ಹೊರಡುವುದಿಲ್ಲ. “ಚಮಚಾದಾಗ ಉಣ್ರಿ,” ಎಂದಳು ಹೆಂಡತಿ. ಅನ್ನದೊಳಗೆ ಐದು ಬೆರಳು ಇಳಿಯದಿದ್ದರೆ ನನಗೆ ಉಂಡಂತೆಯೇ ಆಗುವುದಿಲ್ಲ, ಹಾಗಾಗಿ ವಾಸನೆಯ ಸಮೇತ ಉಣ್ಣುತ್ತಿದ್ದೇನೆ. ನೀವು ಎಂದಾದರೂ ಹಳೆಯ ಫಟಫಟಿಯ, ಅಂದರೆ ಮೋಟಾರ್ ಸೈಕಲ್ಲಿನ, ಎಂಜಿನ್ ಬಿಚ್ಚಿದ್ದರೆ ಈ ವಾಸನೆ ನಿಮಗೆ ಗೊತ್ತಿರುತ್ತದೆ. ಬಿಚ್ಚಿಲ್ಲದಿದ್ದರೆ, ವರ್ಷಗಟ್ಟಲೆ ಮುಚ್ಚಿಟ್ಟ ಉಪ್ಪಿನಕಾಯಿ ಭರಣಿಯೊಳಗೆ ಯಾರೋ ದೀಪದ ಬತ್ತಿ ಆರಿಸಿದ್ದಾರೆ ಎಂದುಕೊಳ್ಳಿ.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ತಂತ್ರಜ್ಞ. ಕೆಲಸಕ್ಕೆ ಸೇರಿದಾಗಿನಿಂದ ಟರ್ಬೈನುಗಳ ಜೊತೆಗೇ ಕಳೆದಿದ್ದೇನೆ. ಊರೂರಿಗೆ ದೀಪ ಹಚ್ಚುವ ಯಂತ್ರ ನನ್ನ ಮಾತು ಕೇಳುತ್ತದೆ, ಮನೆಯ ಮಿಕ್ಸರ್ ಕೇಳುವುದಿಲ್ಲ. ಅದನ್ನು ಬಿಚ್ಚಿಟ್ಟು ತಿಂಗಳುಗಳಾದವು, ಹೆಂಡತಿ ಒಳಕಲ್ಲಿಗೆ ಮರಳಿದ್ದಾಳೆ. ಇಂಥವನ ಬಾಗಿಲಿಗೆ ಈಚೆಗೆ ಮಾನ್ವಿಯಿಂದ ಒಂದು ಟೆಂಪೋ ಬಂತು. ತಾಡಪಾಲಿನ ಕೆಳಗೆ ವೆಂಕೋಬ ಮಾಮಾನ ಫಟಫಟಿ. ಇಳಿಸಿಕೊಟ್ಟ ಡ್ರೈವರ್ ಮಾಮಾನ ಮಾತನ್ನೂ ಇಳಿಸಿದ. “ಎಂಜಿನ್ ಬಿಚ್ಚಿ ನೋಡಂತ ಹೇಳ್ಯಾರ್ರಿ.”

ಆ ಮಾತು ಕೇಳಿ ನಾನು ಸರಿಸಿದ್ದ ತಾಡಪಾಲನ್ನು ಮತ್ತೆ ಎಳೆದು ಮುಚ್ಚಿದೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ.

ವೆಂಕೋಬ ಮಾಮಾ ನನ್ನ ಅವ್ವನ ತಮ್ಮ. ನಾವು ದೇವದುರ್ಗದಲ್ಲಿದ್ದಾಗ ಅವನೂ ಅಲ್ಲೇ ಗಣಿತದ ಮಾಸ್ತರ, ಎರಡು ಓಣಿ ಆಚೆ ಮನೆ. ಏಕಾದಶಿಯ ದಿನ ಹನಿ ನೀರು ಮುಟ್ಟದ ಮನೆತನ ನಮ್ಮದು. ಚಾತುರ್ಮಾಸ ಬಂತೆಂದರೆ ಒಂದು ತಿಂಗಳು ಕಾಯಿಪಲ್ಲೆ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆ ಇಲ್ಲ. ಮೈಯಲ್ಲಿ ಜ್ವರವಿದ್ದರೂ ಹಿಡಿದ ನಿಯಮ ಬಿಡುವಂತಿರಲಿಲ್ಲ. ಅಪ್ಪ ಪೌರೋಹಿತ್ಯ ಮಾಡುವವರು. ಮಾಮಾ ಈ ವಿಷಯದಲ್ಲಿ ಅವರಿಗಿಂತ ಒಂದು ಕೈ ಮೇಲು. ಅಂಥವನಿಗೆ ಇದ್ದ ಒಂದೇ ಚಟ ಈ ಗಾಡಿ. ಭಾನುವಾರ ಅದನ್ನು ಒರೆಸುವ ಶ್ರದ್ಧೆ ನೋಡಿದರೆ ಸಾಲಿಗ್ರಾಮಕ್ಕೆ ಹೊಟ್ಟೆಕಿಚ್ಚಾಗಬೇಕು.

ಒಂದು ವರ್ಷ ಸಂಕ್ರಾಂತಿಯ ಸುಮಾರಿಗೆ ಅದು ಹೊಗೆ ಉಗುಳತೊಡಗಿತು. ಮಾಮಾ ರಾಯಚೂರಿಗೆ ಒಯ್ದು, ತೀನ್ ಕಂದೀಲ್ ಚೌಕದ ಹಿಂದೆ ಅಂಗಡಿ ಇಟ್ಟಿದ್ದ ಖಾದರ್ ಸಾಬರ ಕೈಯಲ್ಲಿ ಎಂಜಿನ್ನಿನ ಮೇಲರ್ಧ ಪೂರ್ತಿ ಹೊಸದು ಮಾಡಿಸಿದ. ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್, ಹೊಸ ರಿಂಗು. ಗಾಡಿ ಕೊಡುವಾಗ ಸಾಬರು ಹೇಳಿದ್ದನ್ನು ನಮ್ಮ ಕಟ್ಟೆಯ ಮೇಲೆ ಕೂತು ಅವರ ದನಿಯಲ್ಲೇ ಆಡಿ ತೋರಿಸಿದ.

“ಮಾಸ್ತರ್, ಪಿಸ್ಟನ್ ಹೊಸಾದು, ಸಿಲಿಂಡರ್ ಹೊಸಾದು. ಒಂದಕ್ಕೊಂದು ಪಹೆಚಾನ್, ಗುರ್ತು ಪರಿಚಯ ಆಗಬೇಕು. ಐನೂರು ಮೈಲಿ ತನಕ ಮೂವತ್ತರ ಮ್ಯಾಲೆ ಓಡಿಸೋದು ನಕ್ಕೋ. ಜೋರ್ ಮಾಡಿದ್ರ ಹಿಡಕೋತದ, ಆಮ್ಯಾಲೆ ನನ್ನ ಹತ್ರ ಬರಬ್ಯಾಡ್ರಿ.”

ಅವ್ವ ಅಕ್ಕಿ ಆರಿಸುತ್ತಿದ್ದಳು. “ಹಂಗಾರ ಇದು ಗಾಡಿ ಚಾತುರ್ಮಾಸ ಅನ್ನು,” ಎಂದು ನಕ್ಕಳು.

“ಹೌದಕ್ಕಾ. ಐನೂರು ಮೈಲಿ ಚಾತುರ್ಮಾಸ. ಮುರಿಯಂಗಿಲ್ಲ.”

ಆಮೇಲೆ ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಹಿತ್ತಲಿನ ತೊಗರಿಕಟ್ಟಿಗೆಯ ಒಟ್ಟಿಲಿಗೆ ಕೈ ಹಾಕಿದ ಅವ್ವನಿಗೆ ಹಾವು ಕಚ್ಚಿತು. ಅಪ್ಪ ಜಾಲಹಳ್ಳಿಯಲ್ಲಿ ಯಾರದೋ ಶ್ರಾದ್ಧ ಮಾಡಿಸಲು ಹೋಗಿದ್ದರು. ಬಸ್ಸು ಹೊರಟುಹೋಗಿತ್ತು, ಮುಂದಿನದು ಸಂಜೆಗೆ. ಅಂಥದ್ದಕ್ಕೆಲ್ಲ ಆಗ ರಾಯಚೂರೇ ಗತಿ. ಸುದ್ದಿ ಕೇಳಿ ಮಾಮಾ ಗಾಡಿ ತಂದ. ಅವ್ವನನ್ನು ಹಿಂದೆ ಕೂರಿಸಿಕೊಂಡು, ಅವಳು ಜಾರದಂತೆ ಅಪ್ಪನ ಮಡಿ ಧೋತರದಿಂದ ತನ್ನ ಬೆನ್ನಿಗೆ ಕಟ್ಟಿಸಿಕೊಂಡ. ಓಣಿಯ ಹೆಂಗಸರು ಗಂಟು ಬಿಗಿದರು. ಅವ್ವ ನನ್ನ ಕಡೆ ತಿರುಗಿ, “ಒಲಿ ಮ್ಯಾಲೆ ಹಾಲದ, ನೋಡಿಕೋ,” ಎಂದಳು. ಗಾಡಿ ಓಣಿ ತಿರುಗಿತು. ನಾನು ಒಳಗೆ ಹೋಗಿ ಹಾಲು ನೋಡಿಕೊಳ್ಳುತ್ತ ಕೂತೆ.

ರಾಯಚೂರು ಮುಟ್ಟುವಷ್ಟರಲ್ಲಿ ಅವ್ವ ಇರಲಿಲ್ಲ. ಧೋತರದ ಗಂಟು ಬಿಚ್ಚಲು ಬಾರದೆ ಕತ್ತರಿಸಿದರಂತೆ. ಅರ್ಧ ತಾಸು ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿದ್ದ ಡಾಕ್ಟರು ಹೇಳಿದರು. ಇಂಥ ಮಾತನ್ನು ಜನ ಯಾಕೆ ಹೇಳುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಅರ್ಧ ತಾಸು ನಮ್ಮ ಮನೆಗೆ ಬಂದು ಕೂತಿತು, ಎದ್ದು ಹೋಗಲೇ ಇಲ್ಲ.

“ಮೂವತ್ತರಾಗ ಹೊಡದಾನ,” ಎಂದರು ಅಪ್ಪ, ಹದಿಮೂರನೆಯ ದಿನ ಎಲ್ಲರೆದುರು. “ಎಂಜಿನ್ ಉಳಿಸಿಕೊಂಡಾನ. ನನ್ನ ಮನಿ ಮುಳುಗಿಸ್ಯಾನ.”

“ಎಕ್ಸಲೇಟರ್ ಪೂರಾ ತಿರುವಿದ್ದೆ ಭಾವಾ,” ಎಂದ ಮಾಮಾ. “ಗಬ್ಬೂರು ದಾಟಿದ ಮ್ಯಾಲೆ ಹಿಡಕೊಂತು. ಬೇವಿನ ಗಿಡದ ಬುಡಕ ಆರೂ ತನಕ ನಿಂತಿದ್ದೆ. ನಾ ಏನ್ ಮಾಡ್ಲಿ.”

ಪಿಸ್ಟನ್ ಕಾವಿಗೆ ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುವುದಕ್ಕೆ ನಮ್ಮ ಕಡೆ ‘ಹಿಡಕೋಳೋದು’ ಎನ್ನುತ್ತಾರೆ. ಆಗ ಎಂಜಿನ್ ಆರುವವರೆಗೆ ಕಾಯುವುದೊಂದೇ ದಾರಿ, ಅದಕ್ಕೆ ಅರ್ಧ ತಾಸು ಬೇಕು. ಮೂವತ್ತರಲ್ಲಿ ಹೊಡೆದರೂ ಅರ್ಧ ತಾಸು ತಡ. ಲೆಕ್ಕ ಇಬ್ಬರ ಮಾತಿಗೂ ಸರಿಹೋಗುತ್ತಿತ್ತು, ಅದೇ ತೊಂದರೆ.

ದಸರೆಯ ಸಂಜೆ ನಮ್ಮಲ್ಲಿ ವೈರಿಗೂ ಬನ್ನಿ ಕೊಟ್ಟು “ಬಂಗಾರದಂಗ ಇರೂಣು” ಎನ್ನುತ್ತಾರೆ. ಮಾಮಾ ಪ್ರತಿ ವರ್ಷ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದ. ಅಪ್ಪ ಹೊರಗೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಎಲೆಗಳನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಬೆಳಿಗ್ಗೆ ನೋಡಿದರೆ ಆಡು ತಿಂದಿರುತ್ತಿತ್ತು. ಮುಂದೆ ಅವನಿಗೆ ಮಾನ್ವಿಗೆ ವರ್ಗವಾಯಿತು, ಅಲ್ಲೇ ನೆಲೆಸಿದ. ಬನ್ನಿ ಕೊಡಲು ಮಾನ್ವಿಯಿಂದಲೂ ಬರುತ್ತಿದ್ದ.

ಆ ಗಾಡಿಯನ್ನು ಅವನು ಮತ್ತೆ ಹತ್ತಲಿಲ್ಲ. ರಾಯಚೂರಿನಿಂದ ಅದು ಲಾರಿಯಲ್ಲಿ ವಾಪಸು ಬಂದಿತ್ತು, ಲಾರಿಯಲ್ಲೇ ಮಾನ್ವಿಗೆ ಹೋಯಿತು. ಮಾರು ಎಂದರೆ ಮಾರಲಿಲ್ಲ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಾತ್ರ ತಾಡಪಾಲು ಸರಿಸಿ, ಗಂಧ ಅಕ್ಷತೆ ಇಟ್ಟು, ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಡುತ್ತಿದ್ದ. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಅದುಮಿ, ಎಣ್ಣೆ ಒಳಗೆಲ್ಲ ಹರಡಿದ ಮೇಲೆ ಮತ್ತೆ ಮುಚ್ಚುತ್ತಿದ್ದ. ಅಪ್ಪ ಬೇಡವೆಂದರೂ ನಾನು ಸೂಟಿಗೆ ಮಾನ್ವಿಗೇ ಓಡುತ್ತಿದ್ದೆ. ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ನನಗೆ ಕಲಿಸಿದವನು ಅವನು. ನಟ್ಟಿಗೆ ಎಷ್ಟು ಬೇಕೋ ಅಷ್ಟೇ ಬಲ, ಅದರ ಮೇಲೆ ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ ಎಂದು ನನ್ನ ಮಣಿಕಟ್ಟಿಗೆ ಹೇಳಿಕೊಟ್ಟವನೂ ಅವನೇ.

ಸಹಜವಾಗಿ ನಾನು ಮಾಮಾನ ಕಡೆ. ಗಾಡಿ ಹಿಡಿದುಕೊಂಡರೆ ಮನುಷ್ಯ ಏನು ಮಾಡಬೇಕು, ಹೆಗಲ ಮೇಲೆ ಹೊತ್ತು ಓಡಬೇಕೇ ಎಂದು ಅಪ್ಪನ ಜೊತೆ ವಾದ ಮಾಡದ ಹಬ್ಬವಿಲ್ಲ. ಅಪ್ಪನಿಗೆ ಯಂತ್ರದ ಗಂಧವೂ ಗೊತ್ತಿರಲಿಲ್ಲ. ಆದರೂ ಹಾಸಿಗೆ ಹಿಡಿದ ಮೇಲೆ ಒಂದು ದಿನ ಕೇಳಿದರು. “ಹಿಡಕೊಂಡಿದ್ರ ಒಳಗ ಗುರ್ತು ಉಳದಿರ್ತದಲ್ಲೋ? ಬಿಚ್ಚಿ ತೋರ್ಸಂತ ಹೇಳು ಅವಗ.”

“ನಿಮಗ ಎಂಜಿನ್ ಏನ್ ತಿಳಿತದ, ಸುಮ್ನಿರ್ರಿ,” ಎಂದೆ. ಅದೇ ವರ್ಷ ಅಪ್ಪ ಹೋದರು. ಬನ್ನಿ ಹಾಗೆಯೇ ಉಳಿಯಿತು.

ಗುರುತು ಉಳಿಯುತ್ತದೆ ಎಂಬುದು ನನಗೂ ಗೊತ್ತಿತ್ತು, ನಿಮಗೂ ಹೇಳಿಬಿಡುತ್ತೇನೆ. ಹಿಡಿದುಕೊಂಡ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೆರೆ ಬೀಳುತ್ತವೆ, ಅದರ ಲೋಹ ಹರಿದು ಗೋಡೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ನಾಲ್ಕು ಊರು ತಿರುಗಿದ್ದರೆ ಸವೆದು ಮಾಸಬಹುದು. ಈ ಗಾಡಿ ತಿರುಗಿಲ್ಲ. ಅಂದು ಹೇಗಿತ್ತೋ ಹಾಗೇ ಇರಬೇಕು. ಅಪ್ಪನ ಸವಾಲನ್ನು ನಾನು ತಲುಪಿಸಿರಲಿಲ್ಲ. ಮಾಮಾ ತಾನಾಗಿಯೇ ಗಾಡಿ ಕಳಿಸಿದ್ದ. ಕಳಿಸಿದ್ದಾನೆಂದರೆ ಗೆರೆ ಇದ್ದೇ ಇರುತ್ತದೆ ಎಂದುಕೊಂಡು, ಒಂದು ರಜೆಯ ಬೆಳಿಗ್ಗೆ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ ಕೂತೆ.

ನಟ್ಟುಗಳಿಗೆ ಡೀಸೆಲ್ ಕುಡಿಸಿ ಎರಡು ದಿನ ಬಿಟ್ಟಿದ್ದೆ. ಬಿಗಿಯಾಗಿದ್ದವು, ಆದರೆ ಮೊಂಡಾಗಿರಲಿಲ್ಲ. ಮುಚ್ಚಳದಂತಿರುವ ಹೆಡ್ಡು ಎತ್ತಿದೆ, ವಾಸನೆ ಬಂತು. ಪಿಸ್ಟನ್ನಿನ ತಲೆಯ ಮೇಲೆ ಮಸಿ ತೆಳ್ಳಗೆ, ಕಾಡಿಗೆ ಹಚ್ಚಿದಷ್ಟು. ಆಮೇಲೆ ಸಿಲಿಂಡರನ್ನು ಎರಡೂ ಕೈಯಿಂದ ಹಿಡಿದು ಅಲುಗಿಸುತ್ತ ಮೇಲಕ್ಕೆಳೆದೆ. ಪಿಸ್ಟನ್ ಹೊರಗೆ ಜಾರಿತು. ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದೆ.

ಗೆರೆ ಇರಲಿಲ್ಲ.

ಮತ್ತೆ ಒರೆಸಿದೆ, ಸೀಮೆಎಣ್ಣೆ ಹಾಕಿ ಒರೆಸಿದೆ. ಕನ್ನಡಕ ಬದಲಿಸಿದೆ. ಸಿಲಿಂಡರಿನ ಒಳಗೋಡೆಯಲ್ಲಿ ಖಾದರ್ ಸಾಬರು ತಿಕ್ಕಿದ ಅಡ್ಡಡ್ಡ ಸಣ್ಣ ಗೀರುಗಳು ಇನ್ನೂ ನಿನ್ನೆ ತಿಕ್ಕಿದಂತೆ ಕಾಣುತ್ತಿದ್ದವು. ಅಷ್ಟು ಮೆತ್ತಗೆ ಓಡಿದ ಎಂಜಿನ್ ಅದು. ವರ್ಷವರ್ಷವೂ ಬಿಟ್ಟ ಎಣ್ಣೆ ಒಂದು ಚುಕ್ಕೆ ತುಕ್ಕು ಹಿಡಿಯಗೊಟ್ಟಿರಲಿಲ್ಲ. ತನ್ನ ವಿರುದ್ಧದ ಸಾಕ್ಷಿಯನ್ನು ಇಷ್ಟು ಜೋಪಾನವಾಗಿ ಯಾರಾದರೂ ಕಾಪಾಡುತ್ತಾರೆಯೇ?

ಅಪ್ಪ ಹೇಳಿದ್ದು ನಿಜವಾಗಿತ್ತು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಆ ಮನುಷ್ಯ ಒಂದು ಸುಳ್ಳು ಹೇಳಿ, ಅದನ್ನು ನನ್ನ ಬಾಯಲ್ಲಿಟ್ಟು, ನನ್ನಪ್ಪನ ಜೊತೆ ಕಡೆಯವರೆಗೂ ಜಗಳವಾಡಿಸಿದ್ದ. ಅವ್ವ ಅವನ ಬೆನ್ನ ಮೇಲೆ ಸಾಯುತ್ತಿದ್ದಾಗ ಅವನು ಮೂವತ್ತರ ಮುಳ್ಳು ನೋಡುತ್ತಿದ್ದ.

ಮರುದಿನ ಮಾನ್ವಿಯ ಬಸ್ಸು ಹಿಡಿದೆ. ಚೆನ್ನಾಗಿ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಗಳ ಮನೆಯ ಜಗುಲಿಯಲ್ಲಿ ಮಾಮಾ ಕೂತಿದ್ದ, ಕಣ್ಣು ಮಂಜು, ಕೊರಳು ಹಕ್ಕಿಯದಷ್ಟು ಸಣ್ಣಗಾಗಿತ್ತು. ನನ್ನ ಹೆಜ್ಜೆ ಗುರುತಿಸಿದ. ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ.

“ಬಿಚ್ಚಿದೇನು?”

“ಬಿಚ್ಚಿದೆ.”

“ಗೆರಿ ಅದಾವೇನು?”

“ಅದಾವ ಮಾಮಾ,” ಎಂದೆ. “ಉದ್ದಕ್ಕ ಬಿದ್ದಾವ.”

ಅವನು ಲೆಕ್ಕದ ಮಾಸ್ತರ, ಉತ್ತರ ಹೇಳಿದರೆ ಸಾಲದು. “ಯಾವ ಕಡೆ?”

“ಮುಂದ. ಹೊಗಿ ಹೋಗೋ ಕಡೆ.”

“ಹೌದು, ಅಲ್ಲೇ ಬೀಳ್ತಾವ,” ಎಂದ. ಅಂಗೈಯಿಂದ ಜಗುಲಿಯ ಕಲ್ಲು ಸವರುತ್ತ, “ಬೀಳಬೇಕಿತ್ತು,” ಎಂದ.

ಒಳಗೆ ಮಗಳು ಮೊಸರು ಕಡೆಯುವ ಸದ್ದು.

“ಕೈ ತಿರುಗಲಿಲ್ಲಪಾ,” ಎಂದ ಮಾಮಾ. “ಊರು ದಾಟಿದ ಮ್ಯಾಲೆ ತಿರುವೂಣು ಅಂದೆ. ಗಬ್ಬೂರು ದಾಟ್ಲಿ ಅಂದೆ. ಅಕ್ಕನ ತಲಿ ನನ್ನ ಹೆಗಲ ಮ್ಯಾಲೆ ಬಿತ್ತು, ಆಗಾದ್ರೂ ತಿರುವಬೇಕಿಲ್ಲ? ಖಾದರ ಹೇಳಿದ ಮಾತು ಮಣಿಕಟ್ಟಿನ್ಯಾಗ ಕುಂತಿತ್ತು. ಗಾಡಿ ಆಸೆ ಅಲ್ಲೋ ಅದು. ನಿಮ್ಮಪ್ಪ ಹಂಗ ತಿಳಕೊಂಡ. ಬರೇ ಕೈ ತಿರುಗಲಿಲ್ಲ.”

“ಹಂಗಂತ ಅಪ್ಪಗ ಹೇಳಬಾರದಿತ್ತೇನು?”

“ಎಂಜಿನ್ ಹಿಡಕೊಂತು ಅಂದ್ರ ದೈವ ಅಂತಾರ. ಕೈ ಹಿಡಕೊಂತು ಅಂದ್ರ ಏನಂತಾರ?”

ಈಗ ಯಾಕೆ ಗಾಡಿ ಕಳಿಸಿದೆ ಎಂದು ಕೇಳಿದೆ.

“ನಾ ಸತ್ತ ಮ್ಯಾಲೆ ಬಿಚ್ಚಿದ್ರ ಯಾರನ್ನ ಬೈತಿದ್ದಿ? ಇದ್ದಾಗ ಬಿಚ್ಚಲಿ ಅಂತ ಕಳಿಸಿದೆ. ಬೈಯಿ.”

ನಾನು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಯಾಕೆಂದರೆ ಕ್ಷಮಿಸಿರಲಿಲ್ಲ. ಮಗಳು ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಜಗುಲಿ ಇಳಿಯುವಾಗ ಹಿಂದಿನಿಂದ ಮಾಮಾ, “ಕೂಡಿಸಿ ಇಡು. ಬಿಚ್ಚಿದ್ದು ಬಿಚ್ಚಿದಂಗ ಬಿಡಬ್ಯಾಡ,” ಎಂದ.

ಕೂಡಿಸಿದೆ. ಮಸಿ ಕೆರೆದು, ವಾಲ್ವು ತಿಕ್ಕಿ, ಹೊಸ ಪ್ಯಾಕಿಂಗು ಹಾಕಿ, ಅದೇ ಪಿಸ್ಟನ್ನನ್ನು ಅದೇ ಸಿಲಿಂಡರಿನಲ್ಲಿ ಇಳಿಸಿದೆ. ಕಾರ್ಬುರೇಟರ್ ತೊಳೆದು, ಟಯರು ಬದಲಿಸಿ ಒದ್ದರೆ ನಾಲ್ಕನೆಯ ಒದೆತಕ್ಕೆ ಎದ್ದಿತು. ಹೆಂಡತಿಗೆ ಆಶ್ಚರ್ಯ, ಅವಳ ಕಣ್ಣು ಮಿಕ್ಸರಿನ ಕಡೆ ಹೋದದ್ದನ್ನು ನೋಡಿಯೂ ನೋಡದಂತಿದ್ದೆ.

ಇವತ್ತು ಬೆಳಿಗ್ಗೆ ಅದನ್ನೇರಿ ರಾಯಚೂರು ದಾಟಿ ಗಬ್ಬೂರಿನ ದಾರಿ ಹಿಡಿದೆ. ಮನಸ್ಸಿನಲ್ಲಿದ್ದುದನ್ನು ಹೇಳಿಬಿಡುತ್ತೇನೆ, ನಗಬೇಡಿ. ಪೂರ್ತಿ ತಿರುವಿ, ಹಿಡಿದುಕೊಳ್ಳುವವರೆಗೂ ಓಡಿಸಿ, ಆ ಗೆರೆಗಳನ್ನು ನಾನೇ ಬೀಳಿಸಬೇಕೆಂದಿದ್ದೆ. ಮಾಮಾನಿಗಾಗಿಯೋ, ಅಪ್ಪನ ಮೇಲಿನ ಹಟಕ್ಕೋ, ಸಿಟ್ಟಿಗೋ, ನನಗೆ ಸರಿಯಾಗಿ ಗೊತ್ತಿಲ್ಲ. ದಾರಿ ಈಗ ನುಣ್ಣಗಿದೆ. ಎಡಕ್ಕೆ ಬಲಕ್ಕೆ ಹತ್ತಿಯ ಹೊಲ, ಎದುರಿಗೆ ಯಾರೂ ಇಲ್ಲ.

ಊರಿನ ಸದ್ದು ಹಿಂದಾಗಲಿ, ಆಮೇಲೆ ತಿರುವೋಣ ಎಂದುಕೊಂಡೆ. ಎಂಜಿನ್ ಇನ್ನಷ್ಟು ಬಿಸಿಯಾಗಲಿ ಎಂದುಕೊಂಡೆ. ಆ ತಿರುವು ದಾಟಲಿ ಎಂದುಕೊಂಡೆ. ಖಾದರ್ ಸಾಬರು ಹಾಕಿದ ರಿಂಗುಗಳು ಇನ್ನೂ ಹೊಸವೇ, ಕೈಯೊಳಗೇ ಮಿಡಿಯುತ್ತಿದ್ದವು. ಐನೂರು ಮೈಲಿ ಇನ್ನೂ ಮುಗಿದಿರಲಿಲ್ಲ. ಗಬ್ಬೂರಿನ ಮನೆಗಳು ಕಂಡವು. ಮುಳ್ಳು ಮೂವತ್ತರಲ್ಲಿತ್ತು.

ನನ್ನ ಬೆನ್ನಿಗೆ ಯಾರನ್ನೂ ಕಟ್ಟಿರಲಿಲ್ಲ. ಕಟ್ಟಿದ್ದರೆ ತಿರುವುತ್ತಿದ್ದೆ ಎಂದು ಮೊನ್ನೆಯವರೆಗೆ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹೇಳಲಾರೆ. ಒಂದು ಬೇವಿನ ಮರದ ಬುಡದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರುವವರೆಗೆ ಕೂತು, ಬಂದ ದಾರಿಯಲ್ಲೇ ಮರಳಿದೆ.

ಕೈ ತೊಳೆದು ಊಟಕ್ಕೆ ಕೂತರೆ ಅನ್ನಕ್ಕೆ ಅದೇ ವಾಸನೆ. ಹೆಂಡತಿ ಹುಳಿ ಬಡಿಸುತ್ತ ಕೇಳಿದಳು. “ಗಾಡಿ ಹ್ಯಾಂಗ ಓಡ್ತು?”

“ಛಲೋ ಓಡ್ತು,” ಎಂದೆ. “ಮೂವತ್ತರಾಗ.”