ಬಿಳುಪಿನ ಪಟ್ಟಿ

ಹನ್ನೊಂದಕ್ಕೆ ಕರೆಂಟ್ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಆಟೋದಲ್ಲಿ ಕೂಗಿಕೊಂಡು ಹೋಗಿದ್ದರು. ಈಗ ಒಂಬತ್ತೂ ನಲವತ್ತು. ಕಂಪ್ಯೂಟರ್ ತೋರಿಸುತ್ತಿತ್ತು: ಇನ್ನು ಎರಡು ಗಂಟೆ ಐವತ್ತು ನಿಮಿಷ.

ಲೋಕಮ್ಮ ಎರಡು ಸಲ ನೋಡಿದಳು. ಅಂಕಿ ಅಷ್ಟೇ ಇತ್ತು.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದಿನ ಆ ಸ್ಟುಡಿಯೋ ಅವಳ ಗಂಡ ಶ್ರೀನಿವಾಸನದು. ಅವನು ಮದುವೆಯ ವಿಡಿಯೋ ತೆಗೆಯುತ್ತಿದ್ದ. ಹೊಸಬಾಳೆಯಿಂದ ಬಂದ ಲೋಕಮ್ಮ ಓದಿದ್ದು ಏಳನೇ ಕ್ಲಾಸು. ಗಂಡನ ಪಕ್ಕ ಕೂತು ಕೂತು ಬೇಡದ್ದು ಕತ್ತರಿಸುವುದು, ಬೇಕಾದ್ದು ಜೋಡಿಸುವುದು ಕಲಿತಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೊತ್ತಾಗುತ್ತಿತ್ತು. ಗುಂಡಿಗಳ ಜಾಗ ಮಾತ್ರ ಕೈಗೆ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಶ್ರೀನಿವಾಸ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಮುಗಿಯದ ಒಂಬತ್ತು ಮದುವೆ ಅವಳ ತಲೆಗೆ ಬಂದವು.

ಅದರಲ್ಲೊಂದು ಜಡೆ ಊರಿನ ಗಂಗಾಶ್ರೀಯದು. ಅವಳೀಗ ಲೋಕಮ್ಮನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಅಪ್ಪ ರಾಜಪ್ಪ ತೀರಿ ಇವತ್ತಿಗೆ ಹನ್ನೊಂದನೇ ದಿನ. ಅವನು ಹೋದಾಗ ಹೆಂಡತಿ ವೀರಮ್ಮ ಆಸ್ಪತ್ರೆಯಲ್ಲಿದ್ದಳು, ಕೊನೆಯ ಮುಖ ನೋಡಲಿಲ್ಲ. ಒಂದು ಸಲ ಅವರನ್ನು ನೋಡದೆ ಎಡೆ ಇಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಎಡೆ ಮಧ್ಯಾಹ್ನ ಒಂದಕ್ಕೆ. ರಾಜಪ್ಪ ಫೋನಿಗೆ ಮುಖ ಕೊಟ್ಟವನೇ ಅಲ್ಲ. ಅವನು ನಡೆದದ್ದು, ನಕ್ಕದ್ದು ಸಿಗುವುದು ಈ ಮದುವೆಯಲ್ಲಿ ಮಾತ್ರ.

ಅಪ್ಪ ಇರುವಲ್ಲೆಲ್ಲ ಕತ್ತರಿಸಿ ಜೋಡಿಸಿದಾಗ ಇಪ್ಪತ್ತೆರಡು ನಿಮಿಷ ಸಿಕ್ಕಿತ್ತು. ಅದನ್ನು ಟೀವಿಯಲ್ಲಿ ಓಡುವ ಒಂದೇ ಫೈಲಾಗಿ ಹೊರಗೆ ತೆಗೆಯಬೇಕು. ಮಧ್ಯೆ ಕರೆಂಟ್ ಹೋದರೆ ಮೊದಲಿನಿಂದ ಶುರು. ಕರೆಂಟ್ ಮತ್ತೆ ಬರುವುದು ಮೂರಕ್ಕೆ.

ಗಂಗಾಶ್ರೀಯ ಗಂಡ ಅರುಣ ಬಾಗಿಲಲ್ಲಿ ಇಣುಕಿದ. ಬೈಕ್ ತಿರುಗಿಸಿ ನಿಲ್ಲಿಸಿದ್ದ.

"ಶ್ರೀನಿವಾಸಣ್ಣ ಇದ್ದಿದ್ರೆ ನಾವು ಚಾ ಕುಡಿದು ಬರೋದ್ರೊಳಗೆ ಕೊಡ್ತಿದ್ರು."

"ಅವ್ರಿದ್ದಿದ್ರೆ ನಾನೂ ಚಾ ಕುಡೀತಿದ್ದೆ," ಎಂದಳು ಲೋಕಮ್ಮ. ಅವನು ಹೊರಗೆ ಹೋದ.

ಅವಳು ಸೊರಬಕ್ಕೆ ಫೋನ್ ಹಚ್ಚಿದಳು. ಅಲ್ಲಿ ವಲೀಸಾಬ್ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ, ಶ್ರೀನಿವಾಸನ ಗೆಳೆಯ.

"ವಲಿಯಣ್ಣ, ಮೂರು ತಾಸು ಅಂತೈತಿ. ನಂಗಿರೋದು ಒಂದೂಕಾಲು ತಾಸು."

"ಮೊದ್ಲು ನಿಲ್ಸು ಅದನ್ನ. ದೊಡ್ಡ ಸೈಜಲ್ಲಿ ಬಿಟ್ಟಿದೀಯ. ಹಳ್ಳಿ ಮನೆ ಟೀವಿಗೆ ಅಷ್ಟು ಯಾಕಮ್ಮ? ಫುಲ್ ಎಚ್‌ಡಿ ಹಾಕು."

ಹಾಕಿದಳು. ಎರಡು ಗಂಟೆ ಹತ್ತು.

"ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಟ್ಟಿದೀಯಾ? ಕೆಳಗೆ ಸಾಫ್ಟ್‌ವೇರ್ ಅಂತಿದ್ರೆ ಹಾರ್ಡ್‌ವೇರ್ ಮಾಡು."

ಅಕ್ಷರ ಕೂಡಿಸಿ ಹುಡುಕಿದಳು. ಬದಲಿಸಿದಳು. ಒಂದು ಗಂಟೆ ನಲವತ್ತು. ಗಡಿಯಾರ ಹತ್ತೂಕಾಲು ದಾಟಿತ್ತು.

"ಮತ್ತೇನೋ ಭಾರ ಕೂತದೆ," ಎಂದ ವಲೀಸಾಬ್. "ಎಲ್ಲದರ ಮೇಲೆ ಉದ್ದಕ್ಕೆ ಒಂದು ಪಟ್ಟಿ ಅದೆಯಾ?"

ಇತ್ತು. ಆ ಪಟ್ಟಿಗೆ ಶ್ರೀನಿವಾಸ ಬಿಳುಪು ಎಂದು ಹೆಸರಿಟ್ಟಿದ್ದ. ಮುಖ ಬೆಳ್ಳಗೆ ಮಾಡುವುದು, ಕಲೆ ಅಳಿಸುವುದು, ಚರ್ಮ ನುಣುಪು ಮಾಡುವುದು ಅದರ ಕೆಲಸ. ಅದನ್ನು ಮುಟ್ಟಬೇಡ, ಗಿರಾಕಿ ಮುಖಕ್ಕೆ ಉಗಿಯುತ್ತಾರೆ ಎನ್ನುತ್ತಿದ್ದ. ಅವಳು ಯಾವತ್ತೂ ಅದನ್ನು ತೆಗೆದಿರಲಿಲ್ಲ.

"ಅದೇ ತಿನ್ನೋದು. ಒಂದೊಂದು ಚಿತ್ರನೂ ನಿಂತು ಉಜ್ತದೆ. ಪಟ್ಟಿ ಪಕ್ಕದ ಕಣ್ಣಿನ ಗುರುತು ಒತ್ತಿ ಮುಚ್ಚು."

"ಅವ್ರು ಹಾಕಿದ್ದು, ಅಣ್ಣ."

"ನಂಗೊತ್ತಿಲ್ವೇನಮ್ಮ. ಮುಚ್ಚು."

ಲೋಕಮ್ಮ ಒತ್ತಿದಳು. ಧಾರೆಗೆ ನಿಂತ ರಾಜಪ್ಪ ಒಮ್ಮೆಲೇ ಕಪ್ಪಾದ. ಗದ್ದದ ಮೇಲೆ ಹೊಲಿಗೆ ಬಿದ್ದ ಉದ್ದ ಗುರುತು ಎದ್ದಿತು. ಹಲ್ಲು ಎಲೆಅಡಿಕೆಯ ಕೆಂಪು.

ಗಂಗಾಶ್ರೀ ಸ್ಟೂಲಿನಿಂದ ಎದ್ದಳು. "ಅಕ್ಕಾ, ಹೋರಿ ಹಾಯ್ದ ಗುರುತು."

"ಕಪ್ಪಗೆ ಬಂತಲ್ಲವ್ವ. ನೆಂಟರೆಲ್ಲ ನೋಡ್ತಾರೆ."

"ನೋಡ್ಲಿ. ಆವಾಗಿಂದ ನೋಡ್ತಾ ಕೂತಿದ್ದೆ, ಯಾರೋ ಅನ್ನಿಸ್ತಿತ್ತು. ಹಂಗೇ ಫೈಲ್ ತೆಗೀರಿ ಅಕ್ಕಾ ಬೇಗ."

ತೆಗೆಯಲು ಬಿಟ್ಟಳು. ಇಪ್ಪತ್ನಾಲ್ಕು ನಿಮಿಷ ಎಂದಿತು. ಗಂಟೆ ಹತ್ತೂ ಮೂವತ್ತೊಂದು.

ಹಸಿರು ಗೆರೆ ತೆವಳಿತು. ಮೂವತ್ತು. ಐವತ್ತೈದು. ಎಂಬತ್ತು. ಎಂಬತ್ತೊಂಬತ್ತಕ್ಕೆ ಫ್ಯಾನ್ ನಿಂತಿತು.

ಹೇಳಿದ ಹೊತ್ತಿಗಿಂತ ಎಂಟು ನಿಮಿಷ ಮೊದಲೇ ಕರೆಂಟ್ ತೆಗೆದಿದ್ದರು.

ಯುಪಿಎಸ್ ಕೀಂ ಕೀಂ ಎಂದಿತು. ಅದರ ಬ್ಯಾಟರಿ ಹಳೆಯದು, ಐದು ನಿಮಿಷ ತಡೆದರೆ ಹೆಚ್ಚು. ಲೋಕಮ್ಮ ಮೇಜಿನ ಕೆಳಗೆ ತೂರಿ, ಬ್ಯಾಟರಿ ಉಳಿಯಲಿ ಎಂದು ಎರಡನೇ ಪರದೆಯ ವಯರ್ ಕಿತ್ತಳು, ಸ್ಪೀಕರಿನದೂ ಕಿತ್ತಳು. ಅಲ್ಲೇ ಮಂಡಿಯೂರಿ, "ಎಷ್ಟಾತು?" ಎಂದಳು.

"ತೊಂಬತ್ತಾರು."

ಕೀಂ ಕೀಂ ಜೋರಾಯಿತು.

"ಈಗ?"

"ಆಯ್ತು. ಮುಗೀತು ಅಕ್ಕಾ!"

ಪೆನ್‌ಡ್ರೈವಿಗೆ ಇಳಿಯಲು ಇನ್ನೊಂದು ನಿಮಿಷ. ಲೋಕಮ್ಮ ಅದನ್ನು ಕಿತ್ತು ಹುಡುಗಿಯ ಕೈಗೆ ತುರುಕಿದಳು. ಬೈಕ್ ಆಗಲೇ ಗುರುಗುಡುತ್ತಿತ್ತು. ಅವರು ಹೋದ ಮೇಲೂ ಯುಪಿಎಸ್ ಕೂಗುತ್ತಲೇ ಇತ್ತು. ಆಮೇಲೆ ತಾನೇ ಸತ್ತಿತು.

ಮಧ್ಯಾಹ್ನ ಒಂದು ಗಂಟೆಯಾಯಿತು. ಫೋನಿಲ್ಲ. ಅವಳು ಊಟ ಮಾಡಲಿಲ್ಲ. ಎರಡಕ್ಕೆ ಹತ್ತು ನಿಮಿಷ ಇದ್ದಾಗ ಬಂತು. ವೀರಮ್ಮ.

"ಎಡೆ ಇಟ್ಟೆ ಕಣವ್ವ. ಎರಡು ಸಲ ನೋಡಿ ಆಮೇಲೆ ಇಟ್ಟೆ."

"ಕಪ್ಪಗೆ ಕಂಡ್ರೇನೋ."

"ಕಪ್ಪಗೇ ಇದ್ರಲ್ಲ. ನಾನೇನು ಬೆಳ್ಳಗಿರೋರನ್ನ ಮದ್ವೆ ಆಗಿದ್ನಾ?"

ಲೋಕಮ್ಮನಿಗೆ ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ. ಫೋನಿಟ್ಟು ಗೋಡೆ ನೋಡಿದಳು. ಹಾರದ ಕೆಳಗೆ ಫೋಟೋದಲ್ಲಿ ಶ್ರೀನಿವಾಸ ಹಾಲಿನ ಹಾಗೆ ಬೆಳ್ಳಗಿದ್ದ. ಅದನ್ನು ಹಾಗೆ ಮಾಡಿದ್ದು ಅವಳೇ, ಅದೇ ಪಟ್ಟಿ ಹಾಕಿ.

ಮೂರಕ್ಕೆ ಕರೆಂಟ್ ಬಂತು. ಅವಳು ಬಿಳುಪು ಹಾಕುವ ಮೊದಲಿನ ಅವನ ಫೋಟೋ ಹುಡುಕಲು ಕೂತಳು.